ಕೊನೆಯ ಚೀಲದ ಚಿನ್ನ

ಹೋದ ವಾರ ಮೈಲಾಪುರದ ಕೊಳದ ಹಿಂದಿನ ಗಲ್ಲಿಯಲ್ಲಿ ಒಬ್ಬ ಅಕ್ಕಸಾಲಿಗನ ಮುಂದೆ ಚಕ್ಕಳಮಕ್ಕಳ ಹಾಕಿಕೊಂಡು ಕೂತಿದ್ದೆ. ನನ್ನ ಉಪನಯನದ ಉಂಗುರ ಬೆರಳಿಗೆ ಬಿಗಿಯಾಗಿತ್ತು. ಬುದ್ಧಿಯೊಂದನ್ನು ಬಿಟ್ಟು ನನ್ನಲ್ಲಿ ಎಲ್ಲವೂ ಬೆಳೆದಿದೆ, ಬೆರಳು ಸಹ. ಸೋಪು ಹಚ್ಚಿ, ಎಣ್ಣೆ ಹಚ್ಚಿ, ಕೊನೆಗೆ ನನ್ನ ಹೆಂಡತಿ ನೂಲು ಸುತ್ತಿ ಎಳೆದು ತೆಗೆದಿದ್ದಳು. ಅಕ್ಕಸಾಲಿಗ ಅದನ್ನು ಒರೆಗಲ್ಲಿಗೆ ಒಮ್ಮೆ ತಿಕ್ಕಿ, ಆ ಗೆರೆಯ ಮೇಲೆ ಸೀಸೆಯಿಂದ ಒಂದು ಹನಿ ಆಮ್ಲ ಬಿಟ್ಟ. ಮೂಗಿನೊಳಗೆ ಸೂಜಿ ಆಡಿಸಿದಂಥ ವಾಸನೆ ಎದ್ದಿತು. ಆಮೇಲೆ ಅವನು ಉಂಗುರವನ್ನು ಬೆಳಕಿಗೆ ಹಿಡಿದು ಅದರ ಒಳಮೈ ನೋಡಿದ.

"ಯಾರು ಸಾರ್ ಇಪ್ಪಡಿ ಪಣ್ಣಾಂಗ?" ಎಂದ. ಹೀಗೆ ಮಾಡಿದ್ದು ಯಾರು ಅಂತ. ಒಳಗಡೆ ಒಂದು ಕಡೆ ಅರದಿಂದ ಉಜ್ಜಿ ಉಜ್ಜಿ ಹಳ್ಳ ಬಿದ್ದಿತ್ತು.

"ಯಾರೋ ಕಳ್ಳ," ಎಂದೆ.

ಅವನು ನಕ್ಕ. "ಕಳ್ಳನಾಗಿದ್ದರೆ ಇಡೀ ಉಂಗುರ ಹೊಡ್ಕೊಂಡು ಹೋಗ್ತಿದ್ದ ಸಾರ್. ಇದು ಯಾವನೋ ಪೆದ್ದನ ಕೆಲಸ."

ಪೆದ್ದನೂ ಹೌದು, ಕಳ್ಳನೂ ಹೌದು. ಉಜ್ಜಿದವನು ನಾನೇ. ಹತ್ತು ವರ್ಷದ ಹಿಂದೆ, ಕಾಲೇಜಿನ ಪ್ರಯೋಗಾಲಯದಿಂದ ಎತ್ತಿಕೊಂಡು ಬಂದ ಅರದಲ್ಲಿ. ಉದುರಿದ ಪುಡಿ ಒಂದು ಸಾಸಿವೆ ಕಾಳಿನಷ್ಟಿರಲಿಲ್ಲ. ಅಷ್ಟರಲ್ಲೇ ನಾನು ಒಬ್ಬ ಮನುಷ್ಯನನ್ನು… ಇರಲಿ. ಮೊದಲಿನಿಂದಲೇ ಹೇಳುತ್ತೇನೆ.

ಆ ಆಮ್ಲದ ವಾಸನೆ ಮೇಷ್ಟ್ರ ಅಂಗಿಯನ್ನು ಯಾವತ್ತೂ ಬಿಟ್ಟಿರಲಿಲ್ಲ. ನಾನು ಓದಿದ ಮದರಾಸಿನ ಕಾಲೇಜೊಂದರಲ್ಲಿ ಅವರು ಭೂವಿಜ್ಞಾನ ವಿಭಾಗದ ಡೆಮಾನ್‌ಸ್ಟ್ರೇಟರ್. ಅಂದರೆ ಪಾಠ ಹೇಳುವವರು ಬೇರೆ, ಕಲ್ಲು ತೋರಿಸುವವರು ಇವರು. ಹುಡುಗರು ಕಲ್ಲು ಸಾರ್ ಎಂದು ಕರೆಯುತ್ತಿದ್ದರು. ತಮಿಳರಿಗೂ ನಮಗೂ ಕಲ್ಲು ಕಲ್ಲೇ ಆದ್ದರಿಂದ ಹೆಸರು ಬೇಗ ಅಂಟಿತು. ನನಗೆ ಮಾತ್ರ ಅವರು ಮೇಷ್ಟ್ರು. ಮೈಲಾಪುರದಲ್ಲಿ ಒಂದು ಬಾವಿಯ ಸುತ್ತ ಆರು ಮನೆಗಳಿದ್ದ ವಠಾರದಲ್ಲಿ ನಮ್ಮ ಬಾಗಿಲಿಗೆ ಎದುರು ಬಾಗಿಲು ಅವರದು. ನಮ್ಮಪ್ಪ ರೈಲ್ವೆಯಲ್ಲಿ ಗುಮಾಸ್ತರು. ಆ ವಠಾರದಲ್ಲಿ ಕನ್ನಡ ಮಾತಾಡುವ ಮನೆಗಳು ಇವೆರಡೇ.

ಮೇಷ್ಟ್ರು ಕೋಲಾರದ ಕಡೆಯವರು. ಅವರ ತಾತ ಜಾಲಗಾರ, ಮಳೆಗಾಲದಲ್ಲಿ ಹಳ್ಳದ ಮರಳನ್ನು ಮರದ ಮರಿಗೆಯಲ್ಲಿ ತೊಳೆದು ಕಣ ಕಣ ಚಿನ್ನ ತೆಗೆಯುತ್ತಿದ್ದವನು. ಮೇಷ್ಟ್ರು ಸ್ವತಃ ಚಿನ್ನದ ಗಣಿಯ ಆಳದಲ್ಲಿ ಕಲ್ಲಿನ ಸ್ಯಾಂಪಲ್ ಕೀಳುವ ಕೆಲಸ ಮಾಡಿ, ಬಿಡುವಿನಲ್ಲಿ ಓದಿ, ಡಿಗ್ರಿ ಮಾಡಿಕೊಂಡು ಮದರಾಸಿಗೆ ಬಂದಿದ್ದರು. ಕೆಲಸ ತಾತ್ಕಾಲಿಕ. ಪ್ರತಿ ಜೂನ್ ಬಂದಾಗಲೂ ಇನ್ನೊಂದು ವರ್ಷ ಇದೆಯೋ ಇಲ್ಲವೋ ಎಂದು ಗಂಡ ಹೆಂಡತಿ ಇಬ್ಬರೂ ಅಂಚೆಯವನ ದಾರಿ ಕಾಯುತ್ತಿದ್ದರು. ಏಳು ಜೂನ್‌ಗಳು ಹಾಗೆ ಕಳೆದಿದ್ದವು.

ನಾನು ಭೂವಿಜ್ಞಾನಕ್ಕೆ ಸೇರಿದ್ದು ಭೂಮಿಯ ಮೇಲಿನ ಪ್ರೀತಿಯಿಂದಲ್ಲ. ನನ್ನ ಅಂಕಪಟ್ಟಿ ನೋಡಿ ಉಳಿದ ವಿಭಾಗಗಳೆಲ್ಲ ಬಾಗಿಲು ಹಾಕಿಕೊಂಡಿದ್ದವು. ನನಗೆ ಬರುತ್ತಿದ್ದ ವಿದ್ಯೆ ಒಂದೇ, ಅಣಕ. ಬಸ್ಸಿನ ಕಂಡಕ್ಟರು, ಬಾವಿಕಟ್ಟೆಯ ಮಾಮಿಯರು, ನಮ್ಮಪ್ಪ, ಕನ್ನಡಿಯ ಮುಂದೆ ಕ್ರಾಪು ತಿದ್ದಿಕೊಳ್ಳುವ ನಾನು, ಯಾರೂ ತಪ್ಪಿಸಿಕೊಂಡಿರಲಿಲ್ಲ. ಮೇಷ್ಟ್ರಂತೂ ಹಬ್ಬದೂಟ. ಹೊಸ ಕಲ್ಲು ಕೈಗೆ ಬಂದರೆ ಅವರು ಮೊದಲು ನಾಲಿಗೆ ತಾಗಿಸುವರು. ಒದ್ದೆಯಾದರೆ ಹರಳುಗಳು ಎದ್ದು ಕಾಣುತ್ತವೆ. ಆಮೇಲೆ ಕುತ್ತಿಗೆಗೆ ನೇತುಹಾಕಿದ ಭೂತಗನ್ನಡಿಯನ್ನು ಕಣ್ಣಿಗೆ ಒತ್ತಿಕೊಂಡು "ಹ್ಞಾ…" ಎಂದು ಎಳೆಯುವರು. ಕಾಲೇಜಿನ ವಾರ್ಷಿಕೋತ್ಸವದಲ್ಲಿ ನಾನು ಒಂದು ಇಟ್ಟಿಗೆ ಹಿಡಿದುಕೊಂಡು ವೇದಿಕೆ ಹತ್ತಿ, ಗೇಣುದ್ದ ನಾಲಿಗೆ ಚಾಚಿ ಅದನ್ನು ನೆಕ್ಕಿದೆ. ಸಭೆ ಬಿದ್ದು ಬಿದ್ದು ನಕ್ಕಿತು. ಮೂರನೆಯ ಸಾಲಿನಲ್ಲಿ ಮೇಷ್ಟ್ರು ಗಂಭೀರವಾಗಿ ನೋಡುತ್ತಿದ್ದರು. ಮಾರನೆಯ ದಿನ ಬಾವಿಕಟ್ಟೆಯ ಬಳಿ ನನ್ನನ್ನು ನಿಲ್ಲಿಸಿದರು.

"ಲೋ ಕೋಡಂಗಿ, ಅಷ್ಟುದ್ದ ಚಾಚಬಾರದಪ್ಪಾ. ತುದಿ ಸಾಕು. ಗಂಧಕ ಇರೋ ಕಲ್ಲಾದ್ರೆ ಎರಡು ದಿನ ಊಟ ಸೇರಲ್ಲ."

ಅಷ್ಟೇ. ಕೋಪವಿಲ್ಲ. ತಪ್ಪು ತಿದ್ದಿದ್ದಷ್ಟೆ. ಕೋಡಂಗಿ ಎನ್ನುವ ಹೆಸರು ಅವತ್ತಿನಿಂದ ನನಗೆ ನಿಂತಿತು.

ಭಾನುವಾರಗಳಲ್ಲಿ ನಾನು ಅವರ ಮನೆಯಲ್ಲೇ ಬಿದ್ದಿರುತ್ತಿದ್ದೆ. ಅವರ ಹೆಂಡತಿಯನ್ನು ಅಕ್ಕ ಎನ್ನುತ್ತಿದ್ದೆ. ಅಕ್ಕನ ಹುರುಳಿ ಸಾರು ಒಂದು ಕಾರಣ, ಮೇಷ್ಟ್ರನ್ನು ಹತ್ತಿರದಿಂದ ಕದಿಯುವುದು ಇನ್ನೊಂದು. ಪಾಠ ಕೇಳುವುದು ಮೂರನೆಯದು, ಅದೂ ತಪ್ಪಿಸಿಕೊಳ್ಳಲಾಗದೆ.

ಚಿನ್ನ ಹೇಗೆ ಬಂತು ಎನ್ನುವುದು ಅವರ ಹುಚ್ಚು. ನಮ್ಮ ಪಠ್ಯಪುಸ್ತಕದಲ್ಲಿ ಅದಕ್ಕೆ ಅರ್ಧ ಪುಟ ಇತ್ತು. ಗ್ರಾನೈಟಿನ ಶಿಲಾರಸ ಕೆಳಗಿನಿಂದ ಮೇಲೆ ಬಂತು, ಆರುವಾಗ ತನ್ನೊಳಗಿನ ಚಿನ್ನವನ್ನು ಬಿಸಿನೀರಿನ ಜೊತೆ ಹೊರಗೆ ಬಿಟ್ಟಿತು, ಅದು ಅಕ್ಕಪಕ್ಕದ ಬಿರುಕುಗಳಲ್ಲಿ ಬಿಳಿ ಬೆಣಚುಕಲ್ಲಿನ ಪದರವಾಗಿ ಕೂತಿತು. ನಮ್ಮ ಪ್ರೊಫೆಸರೂ ಹಾಗೇ ಹೇಳುತ್ತಿದ್ದರು. ಮೇಷ್ಟ್ರು ಒಪ್ಪುತ್ತಿರಲಿಲ್ಲ. ಆ ಬಿಳಿ ಪದರಗಳು ಹರಿದಿರುವುದು ಗ್ರಾನೈಟಿನಲ್ಲಲ್ಲ, ಒಂದು ಕರಿಯ ಕಲ್ಲಿನಲ್ಲಿ. ಅದನ್ನು ಅವರು ನೆಲದ ಕೆಳಗೆ ವರ್ಷಗಟ್ಟಲೆ ದೀಪ ಹಿಡಿದು ನೋಡಿದ್ದರು.

ಒಂದು ಭಾನುವಾರ ಒಗೆದ ಪಂಚೆಯನ್ನು ಬಾವಿಯ ಬಳಿ ಹಿಡಿದುಕೊಂಡು ನನ್ನನ್ನು ಕರೆದರು.

"ಬಾರಪ್ಪಾ. ಆ ತುದಿ ಹಿಡ್ಕೊ. ಈ ಪಂಚೇನೇ ಆ ಕರೀಕಲ್ಲು ಅಂದ್ಕೊ. ಒಂದು ಕಾಲಕ್ಕೆ ಲಾವಾ. ಭೂಮಿ ಹೊಟ್ಟೆಯೊಳಗಿಂದ ಸಮುದ್ರದ ತಳಕ್ಕೆ ಬಂದು ಹೆಪ್ಪುಗಟ್ಟಿದ್ದು. ಬರ್ತಾ ಬರ್ತಾ ಚಿನ್ನಾನೂ ತಂದೈತೆ, ಎಲ್ಲೆಲ್ಲೋ ಒಂದೊಂದು ಧೂಳು. ಕಣ್ಣಿಗೆ ಕಾಣ್ಸಲ್ಲ. ಆಮೇಲೆ ಈ ಕಡೆಯಿಂದ ಒಂದು ನೆಲ, ಆ ಕಡೆಯಿಂದ ಒಂದು ನೆಲ ಬಂದು ಮಧ್ಯ ಸಿಕ್ಕಿದ್ದನ್ನ ಹಿಂಡಾಕ್ತು. ತಿರುಗ್ಸು."

ತಿರುಗಿಸಿದೆ.

"ನೀರು ಎಲ್ಲಿಂದ ಬರ್ತೈತೆ?"

"ಮಡಿಕೆ ಮಡಿಕೆಯಿಂದ, ಮೇಷ್ಟ್ರೇ."

"ಹ್ಞಾ… ಹೊರಗಿಂದ ಯಾರಾದ್ರೂ ಸುರಿದ್ರಾ? ಒಳಗೇ ಇದ್ದಿದ್ದು. ಕಲ್ಲೊಳಗೂ ನೀರಿರ್ತೈತಪ್ಪಾ. ಬಿಸಿಗೆ, ಒತ್ತಡಕ್ಕೆ ಹೊರಗೆ ಬಂತು. ಬರೋವಾಗ ಗಂಧಕದ ಜೊತೆ ಸೇರ್ಕೊಂಡು ಅಲ್ಲಿದ್ದ ಚೂರು ಪಾರು ಚಿನ್ನಾನೆಲ್ಲ ಬಳ್ಕೊಂಡು ಬಂತು. ಮೇಲೆ ಎಲ್ಲೋ ನೆಲ ಸೀಳ್ತು, ಒತ್ತಡ ಇಳೀತು, ಹೊತ್ತಿದ್ದನ್ನ ಅಲ್ಲೇ ಇಳಿಸ್ತು. ಬಿರುಕು ಮುಚ್ಕೊಳ್ತು. ಮತ್ತೆ ಒತ್ತಡ ಏರ್ತು, ಮತ್ತೆ ಸೀಳ್ತು. ಬೆಣಚುಕಲ್ಲು ಪಟ್ಟೆ ಪಟ್ಟೆ ಇರ್ತೈತಲ್ಲ, ಅದು ಅಷ್ಟು ಸಲ ಗಾಯ ಆಗಿ ಮಾದಿರೋ ಗುರುತು. ಚಿನ್ನ ಗ್ರಾನೈಟು ಕೊಟ್ಟ ದಾನ ಅಲ್ಲ ಕಣಪ್ಪಾ. ಕರೀಕಲ್ಲಿನದೇ ಆಸ್ತಿ."

"ಇದೆಲ್ಲ ಯಾವಾಗ ನಡೆದದ್ದು ಮೇಷ್ಟ್ರೇ?"

"ಕಾಲಿರೋ ಪ್ರಾಣಿ ಒಂದೂ ಇಲ್ದಾಗ. ಹುಲ್ಲೂ ಇಲ್ಲ."

"ಹಂಗಾದ್ರೆ ನಮ್ಮ ಪ್ರೊಫೆಸರೂ ಇರಲಿಲ್ಲ?"

ಮೇಷ್ಟ್ರು ಸ್ವಲ್ಪ ಯೋಚಿಸಿದರು. "ಅವ್ರು ಇದ್ರೇನೋ…" ಎಂದರು.

ನಾನು ನಗುತ್ತಾ ಇನ್ನೊಂದು ಸುತ್ತು ತಿರುಗಿಸಿದೆ. ಪಂಚೆ ಪರ್ರೆಂದು ಹರಿಯಿತು. ಒಳಗಿನಿಂದ ಅಕ್ಕ, "ಚಿನ್ನ ಬಂತೋ ಇಲ್ವೋ ಕಾಣೆ, ಇದ್ದೊಂದು ಒಳ್ಳೇ ಪಂಚೆ ಅಂತೂ ಹೋಯ್ತು!" ಎಂದರು.

ಹಿಂಡಿ ತೋರಿಸುವುದೇನೋ ಸುಲಭ. ಆದರೆ ಕರಿಯ ಕಲ್ಲಿನಲ್ಲಿ ಚಿನ್ನ ಇದೆ ಎಂದು ತೋರಿಸಬೇಕಲ್ಲ. ಅದಕ್ಕಾಗಿಯೇ ಅವರು ಊರಿನಿಂದ ಬರುವಾಗ ಒಂದು ಟ್ರಂಕಿನ ತುಂಬ ಪುಟ್ಟ ಬಟ್ಟೆಚೀಲಗಳನ್ನು ಹೊತ್ತು ತಂದಿದ್ದರು. ಬಿಳಿ ಪದರದಿಂದ ದೂರ ದೂರದಲ್ಲಿ ಕಿತ್ತ ಕರಿಯ ಕಲ್ಲಿನ ಚೂರುಗಳು, ಕಸವೆಂದು ಎಸೆಯುವಂಥವು. ಪ್ರತಿ ಚೀಲಕ್ಕೂ ನಂಬರು ಕೊರೆದ ತಗಡಿನ ಬಿಲ್ಲೆ, ಬಾಯಿಗೆ ಅವರದೇ ಒಂದು ಗಂಟು. ಸ್ಯಾಂಪಲ್ ಕೀಳುವವರಲ್ಲಿ ಒಂದು ಕಟ್ಟಳೆಯಂತೆ. ಚೀಲ ತುಂಬಿದವನೇ ಗಂಟು ಹಾಕಬೇಕು, ಹಾಕಿದವನೇ ಬಿಚ್ಚಬೇಕು, ನಡುವೆ ಅದು ಇನ್ನೊಬ್ಬರ ಕೈಗೆ ಹೋಗಕೂಡದು. ಒಳಗೆ ಏನಿದ್ದರೂ ಗಂಟು ಹಾಕಿದವನೇ ಉತ್ತರ ಹೇಳಬೇಕು. ಬರಡು ಕಲ್ಲಿಗೆ ಚಿಟಿಕೆ ಚಿನ್ನ ಬೆರೆಸಿ ಊರಿಗೆ ಊರನ್ನೇ ನಂಬಿಸಿದ ಭೂಪರ ಕಥೆಗಳನ್ನು ಹೇಳುತ್ತಾ ಮೇಷ್ಟ್ರೇ ಇದನ್ನು ನನಗೆ ತಿಳಿಸಿದ್ದರು. ನಾನು ಕಟ್ಟಳೆಯನ್ನು ಮರೆತೆ. ಕಥೆಗಳನ್ನು ಮರೆಯಲಿಲ್ಲ.

ಕೆಲವು ತಿಂಗಳಿಗೊಮ್ಮೆ ಒಂದು ಚೀಲ ಬಿಚ್ಚುವರು. ಕಬ್ಬಿಣದ ಒರಳಿನಲ್ಲಿ ಕುಟ್ಟಿ ಹಿಟ್ಟು ಮಾಡಿ, ತಾತನ ಕಾಲದ ಮರಿಗೆಗೆ ಹಾಕಿ, ಬಾವಿಯ ನೀರು ಬಿಟ್ಟು, ತೊಟ್ಟಿಲು ತೂಗಿದಂತೆ ತೂಗುವರು. ಹಗುರವಾದದ್ದು ನೀರಿನ ಜೊತೆ ಹೋಗುತ್ತದೆ, ಭಾರವಾದದ್ದು ಬಾಲದ ಹಾಗೆ ಹಿಂದೆ ಉಳಿಯುತ್ತದೆ. ಚಿನ್ನ ಇದ್ದರೆ ಆ ಬಾಲದ ತುದಿಯಲ್ಲಿ ಕಾಣಬೇಕು. ಕಂಡದ್ದು ಯಾವಾಗಲೂ ಕರಿ ಮರಳು. ಟ್ರಂಕು ಖಾಲಿಯಾಗುತ್ತಾ ಬಂದು ಕೊನೆಗೆ ಉಳಿದದ್ದು ಒಂದೇ ಚೀಲ. ಅದೇ ವರ್ಷ ವಿಭಾಗದಲ್ಲಿ ಒಂದು ಲೆಕ್ಚರರ್ ಹುದ್ದೆ ತೆರವಾಯಿತು, ಕಾಯಂ ಹುದ್ದೆ. ಬರೆದು ಅಚ್ಚು ಹಾಕಿಸುವಂಥ ಒಂದು ಕೆಲಸ ತೋರಿಸಿದರೆ ಶಿಫಾರಸು ಮಾಡುತ್ತೇನೆ ಎಂದು ಪ್ರೊಫೆಸರು ಮಾತು ಕೊಟ್ಟಿದ್ದರು. ಅಕ್ಕ ಕಪಾಲೀಶ್ವರನಿಗೆ ಹರಕೆ ಹೊತ್ತರು. ಮೇಷ್ಟ್ರು ಬಸ್ಸಿನ ಮೆಟ್ಟಿಲಿನಿಂದ ಬಿದ್ದು ಬಲ ಮುಂಗೈ ಮುರಿದುಕೊಂಡರು.

ಕಟ್ಟು ಬಿಚ್ಚಿದ ಮೇಲೂ ಆ ಕೈಗೆ ಕುಟ್ಟುವ ಶಕ್ತಿ ಬರಲಿಲ್ಲ. "ಕೋಡಂಗಿ, ಗಂಟು ನಾನು ಬಿಚ್ತೀನಿ. ಕುಟ್ಟೋದು ನೀನು," ಎಂದರು. ಇನ್ನೊಬ್ಬರ ಕೈಗೆ ಹೋಗಕೂಡದು ಎನ್ನುವ ಕಟ್ಟಳೆಯನ್ನು ಜೀವಮಾನದಲ್ಲಿ ಒಮ್ಮೆ ಮುರಿದರು, ನನಗಾಗಿ.

ನಾನು ಯಾಕೆ ಹಾಗೆ ಮಾಡಿದೆ? ಅವರ ಕೋಪವನ್ನು ಅಣಕಿಸಲು ನನಗೆ ಬರುತ್ತಿತ್ತು. ತೂಕಡಿಕೆ ಬರುತ್ತಿತ್ತು. ಪ್ರೊಫೆಸರ ಮುಂದೆ ನಿಂತಾಗ ಅಂಗಿಯ ಗುಂಡಿ ತಿರುವುವ ಚಾಳಿ ಬರುತ್ತಿತ್ತು. ಖುಷಿ ಒಂದು ಬರುತ್ತಿರಲಿಲ್ಲ. ಯಾಕೆಂದರೆ ಅವರು ಖುಷಿಪಟ್ಟದ್ದನ್ನು ನಾನು ನೋಡಿಯೇ ಇರಲಿಲ್ಲ. ನನ್ನ ಸಂಗ್ರಹದಲ್ಲಿ ಅದೊಂದು ಕಡಿಮೆಯಾಗಿತ್ತು. ಶನಿವಾರ ಸಂಜೆ ಕೂತು ಉಂಗುರದ ಒಳಮೈಯನ್ನು ಉಜ್ಜಿದೆ. ಪುಡಿಯನ್ನು ಕಾಗದದಲ್ಲಿ ಮಡಿಸಿ ಜೇಬಿಗಿಟ್ಟೆ. ಭಾನುವಾರ ಬೆಳಗ್ಗೆ ಕುಟ್ಟಿ ಮುಗಿಸಿ, ಅವರು ಮರಿಗೆ ತರಲು ಬೆನ್ನು ತಿರುಗಿಸಿದಾಗ ಹಿಟ್ಟಿನ ಮೇಲೆ ಉದುರಿಸಿದೆ. ಮುಖ ನೋಡುವುದು, ಐದು ನಿಮಿಷ ಕಾಯುವುದು, ಆಮೇಲೆ ಹೇಳಿಬಿಡುವುದು. ಲೆಕ್ಕ ಇಷ್ಟೇ. ಅವರೂ ನಗುತ್ತಾರೆ, ಅಕ್ಕ ಬೈಯುತ್ತಾರೆ, ಹುರುಳಿ ಸಾರಿಗೆ ಹೊತ್ತಾಗುತ್ತದೆ.

ಮೇಷ್ಟ್ರು ಮರಿಗೆ ತೂಗಿದರು. ಬಾಲ ಬಿಚ್ಚಿಕೊಳ್ಳುತ್ತಾ ಬಂತು. ತುದಿಯಲ್ಲಿ ಹಳದಿ ಗೆರೆ.

ಮೊದಲು ಏನೂ ಆಗಲಿಲ್ಲ. ಮರಿಗೆಯನ್ನು ಮೆಲ್ಲಗೆ ಕಟ್ಟೆಯ ಮೇಲಿಟ್ಟರು. ಕೈಗಳನ್ನು ಪಂಚೆಗೆ ಒರೆಸಿಕೊಂಡರು. ಮತ್ತೆ ಒರೆಸಿಕೊಂಡರು. ಕೆಳತುಟಿ ಒಳಕ್ಕೆ ಹೋಯಿತು, ಹಾಲುಹಲ್ಲು ಬಿದ್ದ ಮಗುವಿನ ತುಟಿಯಂತೆ. ಹುಬ್ಬುಗಳು ಮೇಲಕ್ಕೆ ಹೋಗಿ ಅಲ್ಲೇ ನಿಂತವು. ಆಮೇಲೆ ಬಾಯಿ ತೆರೆದು ಸದ್ದಿಲ್ಲದೆ ನಗತೊಡಗಿದರು, ಭುಜ ಮಾತ್ರ ಕುಣಿಯುತ್ತಿತ್ತು. ಕಣ್ಣಿನಿಂದ ಹರಿದ ನೀರು ಮೂಗಿನ ಪಕ್ಕದಲ್ಲಿ ಇಳಿದು ತುಟಿ ಸೇರಿತು, ಅದನ್ನು ನಾಲಿಗೆಯ ತುದಿಯಿಂದ ನೆಕ್ಕಿಕೊಂಡರು. ಕುತ್ತಿಗೆಯಲ್ಲಿ ಭೂತಗನ್ನಡಿ ನೇತಾಡುತ್ತಿತ್ತು. ಗಾರೆ ಚೂರು ಸಿಕ್ಕರೂ ಅದನ್ನು ಕಣ್ಣಿಗೊತ್ತುವ ಮನುಷ್ಯ, ಅವತ್ತು ಮುಟ್ಟಲಿಲ್ಲ. ಗಣಿಯಲ್ಲಿ ಅಷ್ಟು ಚಿನ್ನ ಕಂಡವರು ಯಾಕೆ ಪರೀಕ್ಷೆ ಮಾಡಲಿಲ್ಲ ಎಂದು ಆಮೇಲೆ ಬಹಳ ಸಲ ಯೋಚಿಸಿದ್ದೇನೆ. ಅಲ್ಲಿ ಚಿನ್ನ ಇರಲೇಬೇಕು ಎಂದು ಅವರಿಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದದ್ದು ಕಡೆಗೂ ಕಣ್ಣಿಗೆ ಕಂಡಾಗ ಅವರಿಗೆ ಅನುಮಾನ ಬರಲಿಲ್ಲ.

"ಏನೂಂದ್ರೆ, ಏನಾಯ್ತು?" ಅಕ್ಕ ಓಡಿ ಬಂದರು. ಮೇಷ್ಟ್ರು ಮರಿಗೆಯತ್ತ ಕೈ ತೋರಿಸಿದರು. ಅಕ್ಕ ಅಲ್ಲೇ, ಒದ್ದೆ ನೆಲದ ಮೇಲೆ, ಮರಿಗೆಗೆ ನಮಸ್ಕಾರ ಮಾಡಿದರು.

ಐದು ನಿಮಿಷ ಕಳೆಯಿತು. ಹೇಳಲಾಗಲಿಲ್ಲ. ಅಕ್ಕ ಕ್ಷೀರ ಮಾಡಿದರು, ನಾನು ಎರಡು ಲೋಟ ಕುಡಿದೆ. ಸಂಜೆ ಹೇಳೋಣ ಎಂದುಕೊಂಡೆ. ಸಂಜೆ ಅವರು ಬರೆಯುತ್ತಾ ಕೂತಿದ್ದರು. ಸೋಮವಾರ ಬೆಳಗ್ಗೆ ನಾನು ಹಲ್ಲುಜ್ಜುವ ಹೊತ್ತಿಗೆ ಅವರು ಕಣಗಳನ್ನು ಗಾಜಿನ ಕೊಳವೆಯಲ್ಲಿ ಹಾಕಿಕೊಂಡು ಪ್ರೊಫೆಸರ ಬಳಿ ಹೋಗಿ ಆಗಿತ್ತು. ಇನ್ನು ಹೇಳಿದರೆ… ಎಂದುಕೊಂಡೆ. ಆ ಮಧ್ಯಾಹ್ನ ಕ್ಯಾಂಟೀನಿನಲ್ಲಿ ಸ್ನೇಹಿತರ ಮುಂದೆ ಮೇಷ್ಟ್ರ ಖುಷಿಯನ್ನು ಮಾಡಿ ತೋರಿಸಿದೆ. ಯಾಕೆ ಖುಷಿ ಎಂದು ಹೇಳಲಿಲ್ಲ. ಮುಖವನ್ನಷ್ಟೇ ತೋರಿಸಿದೆ. ಟೇಬಲ್ ಗುದ್ದಿ ಗುದ್ದಿ ನಕ್ಕರು.

ಬುಧವಾರ ಪ್ರೊಫೆಸರು ವಿಭಾಗದ ಎಲ್ಲರನ್ನೂ ಪ್ರಯೋಗಾಲಯಕ್ಕೆ ಕರೆದರು. ಅವರೂ ಕನ್ನಡದವರೇ. ಆದರೆ ಮೂರು ತಲೆಮಾರಿನಿಂದ ಮದರಾಸಿನಲ್ಲಿದ್ದು, ಅವರ ಕನ್ನಡ ಅರ್ಧ ದಾರಿಗೆ ಬಂದು ತಮಿಳಿನ ಬಸ್ಸು ಹತ್ತುತ್ತಿತ್ತು. ಸಂತೋಷದಿಂದಲೇ ಶುರು ಮಾಡಿದರು. ಒಂದು ಕಣವನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದರು. ತಲೆ ಎತ್ತಲಿಲ್ಲ. ಇನ್ನೊಂದು ಕಣ ಇಟ್ಟರು. ಆಮೇಲೆ ಮೃದುವಾಗಿ, "ಸ್ವಲ್ಪ ಇಂಗೆ ಬನ್ನಿ," ಎಂದು ಮೇಷ್ಟ್ರನ್ನು ಕರೆದರು.

ಮೇಷ್ಟ್ರು ಬಗ್ಗಿ ನೋಡಿದರು. ಅವರ ಬೆನ್ನು ನನಗೆ ಕಾಣುತ್ತಿತ್ತು. ಬಹಳ ಹೊತ್ತು ಹಾಗೇ ಬಗ್ಗಿದ್ದರು.

"ಸುರುಳಿ ಸುರುಳಿಯಾಗಿ ಇದೆ, ಅಲ್ವಾ?" ಪ್ರೊಫೆಸರು ಎಂದರು. "ತುರಿದ ಕೊಬ್ಬರಿ ಮಾದರಿ. ಮೈ ಮೇಲೆ ಗೀರು, ಎಲ್ಲಾ ಒಂದೇ ದಿಕ್ಕು." ಆಮೇಲೆ ಒಂದು ಕಣವನ್ನು ಆಮ್ಲದಲ್ಲಿ ಕರಗಿಸಿ ಅಮೋನಿಯಾ ಹನಿಸಿದರು. ಕೊಳವೆಯ ನೀರು ತಿಳಿ ನೀಲಿಯಾಯಿತು. ತಾಮ್ರ. ಕಲ್ಲಿನಿಂದ ಬಂದ ಚಿನ್ನದಲ್ಲಿ ಅಷ್ಟು ತಾಮ್ರ ಇರುವುದಿಲ್ಲ ಎಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು, ನನ್ನಂಥ ದಡ್ಡನಿಗೂ. ಒಡವೆಗೆ ಗಟ್ಟಿ ಬರಲೆಂದು ಬೆರೆಸುವ ತಾಮ್ರ ಅದು.

"ಈ ಸ್ಯಾಂಪಲ್ ಯಾರ್ಯಾರು ಮುಟ್ಟಿದ್ರು?" ಪ್ರೊಫೆಸರು ಕೇಳಿದರು.

ಮೇಷ್ಟ್ರು ನೆಟ್ಟಗಾದರು. ಅಂಗಿಯ ಗುಂಡಿ ತಿರುವಲಿಲ್ಲ. ನಮ್ಮ ಬೆಂಚಿನ ಕಡೆ ಒಮ್ಮೆ ನೋಡಿದರು. ನನ್ನ ಮುಖವನ್ನಲ್ಲ, ಕೈಯನ್ನು. ನಾನು ಬೆರಳು ಮಡಿಸಿಕೊಂಡೆ.

"ಚೀಲ ನಂದು ಸಾರ್," ಎಂದರು. "ಗಂಟು ಹಾಕಿದ್ದೂ ನಾನೇ, ಬಿಚ್ಚಿದ್ದೂ ನಾನೇ."

"ಬೇರೆ ಯಾರೂ?"

"ನಾನೊಬ್ಬನೇ."

ಯಾರೂ ನಗಲಿಲ್ಲ. ನನ್ನ ನಾಲಿಗೆ, ಊರಿನವರ ದನಿಯೆಲ್ಲ ತುಂಬಿಕೊಂಡಿದ್ದ ನನ್ನ ನಾಲಿಗೆ, ನನ್ನದೇ ದನಿಯಲ್ಲಿ ಎರಡು ಶಬ್ದ ಹೇಳಲು ಏಳಲಿಲ್ಲ.

ಮುಂದಿನ ವಾರ ಕಾಗದ ಬಂತು. ಈ ಬಾರಿ ಅಂಚೆಯವನು ಜೂನ್‌ವರೆಗೆ ಕಾಯಲಿಲ್ಲ. ಹುದ್ದೆ ಇಲ್ಲ, ಇದ್ದ ಕೆಲಸವೂ ಇಲ್ಲ. ಮೋಸ ಎಂಬ ಪದವನ್ನು ಕಾಗದದಲ್ಲಿ ಬಳಸಿರಲಿಲ್ಲ. ಕಾಲೇಜಿನ ವರಾಂಡದಲ್ಲಿ ಎಲ್ಲರೂ ಬಳಸುತ್ತಿದ್ದರು. ಗ್ರಾನೈಟು, ಕರೀಕಲ್ಲು ಎಂದು ಅವರು ಹೇಳಿದ್ದನ್ನೆಲ್ಲ ಅದೇ ಪದದ ಜೊತೆ ಕಟ್ಟಿ ಮೂಲೆಗೆ ಹಾಕಿದರು.

ಅವರು ಹೊರಟ ದಿನ ವಠಾರದ ಮುಂದೆ ಜಟಕಾ ನಿಂತಿತ್ತು. ಸೆಂಟ್ರಲ್ ಸ್ಟೇಷನ್ನಿಗೆ ಹೋಗಬೇಕು. ನಾನು ಪಾತ್ರೆಯ ಮೂಟೆ ಏರಿಸಿ ಬದಿಗೆ ನಿಂತಿದ್ದೆ. ಅವತ್ತಿನವರೆಗೂ ಮೇಷ್ಟ್ರು ನನ್ನನ್ನು ಒಂದು ಮಾತೂ ಕೇಳಿರಲಿಲ್ಲ. ಅಕ್ಕನಿಗೂ ಹೇಳಿರಲಿಲ್ಲ. ಹೇಳಿದ್ದರೆ ಆಕೆ ಆ ಬೆಳಗ್ಗೆ ನನಗೆ ತಿಂಡಿ ಕೊಡುತ್ತಿರಲಿಲ್ಲ.

"ಲೋ ಕೋಡಂಗಿ," ಮೇಷ್ಟ್ರು ಕರೆದರು. "ಅವತ್ತು ಬಾವಿ ಹತ್ರ ನಾನು ಹೆಂಗಿದ್ದೆ? ಮಾಡಿ ತೋರ್ಸು."

"ಬೇಡ ಮೇಷ್ಟ್ರೇ."

"ತೋರ್ಸಪ್ಪಾ. ನನ್ನ ಮುಖ ನೋಡಿ ಕಲ್ತ್ಕೊಂಡಿದ್ದೀಯಲ್ವಾ."

ತೋರಿಸಿದೆ. ಇಲ್ಲದ ಮರಿಗೆಯನ್ನು ಕೆಳಗಿಟ್ಟೆ. ಕೈ ಒರೆಸಿಕೊಂಡೆ, ಎರಡು ಸಲ. ತುಟಿ ಒಳಕ್ಕೆಳೆದೆ, ಹುಬ್ಬು ಏರಿಸಿದೆ, ಭುಜ ಕುಣಿಸಿದೆ. ಕಣ್ಣೀರನ್ನು ನಟಿಸಬೇಕಾಗಿ ಬರಲಿಲ್ಲ. ಅಕ್ಕ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು. "ಥೇಟ್ ಇವ್ರೇ! ಅವತ್ತು ಹಿಂಗೇ ಇದ್ರು!"

ಮೇಷ್ಟ್ರು ನಗಲಿಲ್ಲ. ತಲೆ ಸ್ವಲ್ಪ ಓರೆ ಮಾಡಿ, ಅಪರೂಪದ ಕಲ್ಲು ನೋಡುವ ಹಾಗೆ ನನ್ನ ಮುಖ ನೋಡಿದರು.

"ಅಷ್ಟೊಂದು ಖುಷಿ ಆಗಿತ್ತಾ ನಂಗೆ?" ಎಂದರು.

ಜಟಕಾ ಹೊರಟಿತು.

ಆಮೇಲೆ ಏನೂ ತಿಳಿಯಲಿಲ್ಲ. ನಾನೂ ತಿಳಿದುಕೊಳ್ಳಲು ಹೋಗಲಿಲ್ಲ. ಭೂವಿಜ್ಞಾನಕ್ಕೆ ನಮಸ್ಕಾರ ಹೇಳಿ ಇನ್ಶೂರೆನ್ಸ್ ಕಂಪನಿಯೊಂದರಲ್ಲಿ ಗುಮಾಸ್ತನಾದೆ. ನಾಲ್ಕು ವರ್ಷದ ಹಿಂದೆ ಅಕ್ಕನಿಂದ ಒಂದು ಕಾರ್ಡು ಬಂತು. ಮೇಷ್ಟ್ರು ಊರ ಕಡೆ ಒಂದು ಪ್ರೈಮರಿ ಶಾಲೆಯಲ್ಲಿ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತಿದ್ದರಂತೆ. ಎದೆನೋವಿನಿಂದ ತೀರಿಕೊಂಡರು ಎಂದು ಬರೆದಿದ್ದರು. ಕೊನೆಗೆ ಎರಡು ಸಾಲು. ನಾವು ಮದರಾಸು ಬಿಟ್ಟ ದಿನ ನೀನೊಬ್ಬನೇ ನಮ್ಮನ್ನು ನಗಿಸಿ ಕಳಿಸಿದೆ. ನಿನ್ನ ಉಪಕಾರ ಮರೆಯುವುದಿಲ್ಲ. ಆ ಕಾರ್ಡಿಗೆ ಉತ್ತರ ಬರೆಯಲು ನಾಲ್ಕು ಸಲ ಕೂತಿದ್ದೇನೆ…

ಅಕ್ಕಸಾಲಿಗನ ಅಂಗಡಿಯಿಂದ ಬಂದ ಮೇಲೆ ಆ ವಾಸನೆ ಎರಡು ದಿನ ಮೂಗಿನಲ್ಲೇ ಇತ್ತು. ಭಾನುವಾರ ಮಧ್ಯಾಹ್ನ ಟಿ. ನಗರಕ್ಕೆ ಹೋದೆ. ಪ್ರೊಫೆಸರು ನಿವೃತ್ತರಾಗಿ ಅಲ್ಲಿ ಮನೆ ಕಟ್ಟಿಸಿಕೊಂಡಿದ್ದಾರೆ. ಬಾಗಿಲು ತೆರೆದವರು ಕನ್ನಡಕ ಸರಿ ಮಾಡಿಕೊಂಡು, "ಅಪ್ಪಡಿಯಾ… ಮಿಮಿಕ್ರಿ ಹುಡುಗ ತಾನೆ? ಉಟ್ಕಾರಿ, ಉಟ್ಕಾರಿ," ಎಂದು ಕುರ್ಚಿ ತೋರಿಸಿದರು. ನಾನು ಕೂರಲಿಲ್ಲ. ನಿಂತಲ್ಲೇ ಒಂದೇ ಉಸಿರಿಗೆ ಎಲ್ಲ ಹೇಳಿದೆ. ಉಂಗುರ, ಅರ, ಒರಳು, ಎಲ್ಲ.

ಅವರು ಕೆಮ್ಮಿದರು. ಎರಡು ಸಣ್ಣದು, ಒಂದು ಉದ್ದನೆಯದು.

"ಅವರಲ್ಲ ಅಂತ ಗೊತ್ತು," ಎಂದರು.

ನನಗೆ ಅರ್ಥವಾಗಲಿಲ್ಲ.

"ಗಣಿಯಲ್ಲಿ ಬೆಳೆದ ಮನುಷ್ಯ. ಮೋಸ ಮಾಡಬೇಕು ಅಂದಿದ್ರೆ ಒಡವೆ ಚಿನ್ನ ಹಾಕ್ತಿದ್ರಾ? ಅಷ್ಟು ತೆರಿಯಾದಾ, ಅಷ್ಟೂ ಗೊತ್ತಿಲ್ವಾ ಅವರಿಗೆ? ಸೂಕ್ಷ್ಮದರ್ಶಕದಲ್ಲಿ ನೋಡಿದ ಕೂಡಲೇ ನನಗೆ ಗೊತ್ತಾಯ್ತು, ಇದು ಏನೂ ತಿಳೀದ ಯಾವನೋ ಪಯ್ಯನ್ ಮಾಡಿದ ಕೆಲಸ ಅಂತ."

"ಮತ್ಯಾಕೆ ಸಾರ್ ನೀವು…"

"ಕೇಳ್ದೆ ಅಲ್ವಾ, ಎಲ್ಲರ ಎದುರಿಗೆ? ನಾನೊಬ್ಬನೇ ಅಂದ್ರು. ಅಪ್ಪುರಂ, ಅದಾದ ಮೇಲೆ, ನಾನು ಏನು ಬರೀಲಿ?" ಕಿಟಕಿಯ ಕಡೆ ತಿರುಗಿದರು. "ಈಗ ಹೊರದೇಶದವರು ಬರೀತಿದ್ದಾರೆ, ಭೂಮಿಯ ಚಿಪ್ಪೇ ತುಂಡು ತುಂಡಾಗಿ ಚಲಿಸುತ್ತೆ, ಒಂದನ್ನೊಂದು ತಳ್ಳುತ್ತೆ ಅಂತ. ನೆಲ ನೆಲವನ್ನ ಹಿಂಡುತ್ತೆ ಅಂತ ನಿಮ್ಮ ಮೇಷ್ಟ್ರು ಹೇಳ್ತಿದ್ದದ್ದು ಅದೇ ತಾನೆ. ಆ ಯೋಚನೆಗೆ ಕಣ್ಣಿಗೆ ಕಾಣೋ ಚಿನ್ನ ಬೇಕೇ ಇರಲಿಲ್ಲ. ಬರೆದಿದ್ರೆ ಸಾಕಾಗಿತ್ತು. ಅದು ಅವರಿಗೂ ತಿಳೀಲಿಲ್ಲ, ನಾನೂ ಹೇಳಲಿಲ್ಲ."

ನಾನು ಹೊರಡಲು ತಿರುಗಿದೆ.

"ಎರಡು ದಿನ ಕಾದೆ," ಎಂದರು ಹಿಂದಿನಿಂದ. "ಗುರುವಾರ, ಶುಕ್ರವಾರ. ಆ ಕಾಗದಕ್ಕೆ ಸೈನ್ ಹಾಕದೆ ಮೇಜಿನ ಮೇಲೆ ಇಟ್ಕೊಂಡಿದ್ದೆ. ನಿಮ್ಮಲ್ಲಿ ಯಾರಾದ್ರೂ ಬರ್ತೀರಿ ಅಂತ. ಬಾಗಿಲು ಕೂಡ ತೆರೆದೇ ಇತ್ತು."

ತೆರೆದೇ ಇತ್ತು. ನನಗೆ ಗೊತ್ತು. ಆ ಶುಕ್ರವಾರ ಮಧ್ಯಾಹ್ನ ನಾನು ಆ ಬಾಗಿಲ ತನಕ ಹೋಗಿದ್ದೆ. ಒಂದು ಕಾಲು ಹೊಸ್ತಿಲ ಹತ್ತಿರ ಇಟ್ಟೂ ಇದ್ದೆ. ಒಳಗೆ ಪ್ರೊಫೆಸರು ಕೆಮ್ಮಿದರು. ಎರಡು ಸಣ್ಣದು, ಒಂದು ಉದ್ದನೆಯದು. ಅಂಥ ಕೆಮ್ಮನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ಇನ್ನೊಮ್ಮೆ ಕೆಮ್ಮಲಿ ಎಂದು ಗೋಡೆಗೆ ಅಂಟಿ ನಿಂತೆ. ಕೆಮ್ಮಿದರು. ಸರಿಯಾಗಿ ಹಿಡಿದುಕೊಂಡೆ, ಹಾಗೇ ಕ್ಯಾಂಟೀನಿಗೆ ಹೋಗಿ ಮಾಡಿ ತೋರಿಸಿದೆ.

ಟಿ. ನಗರದ ಬಸ್ ನಿಲ್ದಾಣದಲ್ಲಿ ಬಹಳ ಹೊತ್ತು ನಿಂತಿದ್ದೆ. ಮೈಲಾಪುರದ ಬಸ್ಸು ಎರಡು ಹೋದವು, ಹತ್ತಲಿಲ್ಲ. ಮೇಷ್ಟ್ರಿಲ್ಲ. ಹೇಳಬೇಕಾದ ಮಾತನ್ನು ಈಗ ಯಾರಿಗೆ ಹೇಳಿದರೂ ಅವರಿಗೆ ತಲುಪುವುದಿಲ್ಲ. ಆ ಕೆಮ್ಮು ಮಾತ್ರ ನನಗೆ ಈಗಲೂ ಚೆನ್ನಾಗಿ ಬರುತ್ತದೆ.